ದೆಹಲಿ ರಸ್ತೆಯಲ್ಲಿ ಕಾರು: ಯಾವ ಇಂಧನ ಸರಿ, ಮನೆಯಲ್ಲೇ ನಿರ್ವಹಣೆ ಮಾಡುವಾಗ ಯಾವ ತಪ್ಪು ಮಾಡಬಾರದು? ಇಲ್ಲಿದೆ ಪೂರ್ಣ ಮಾಹಿತಿ

ನವದೆಹಲಿ: 2025ರ ಜುಲೈ 1ರ ಬೆಳಿಗ್ಗೆ ದೆಹಲಿಯ ಪೆಟ್ರೋಲ್ ಬಂಕ್‌ಗಳಲ್ಲಿ ಹೊಸ ದೃಶ್ಯ ಕಂಡಿತ್ತು. ನಂಬರ್ ಪ್ಲೇಟ್ ಓದುವ ಕ್ಯಾಮೆರಾ, ಪಕ್ಕದಲ್ಲಿ ಪೊಲೀಸರು, ಸಾರಿಗೆ ಇಲಾಖೆಯ ಸಿಬ್ಬಂದಿ. 10 ವರ್ಷ ದಾಟಿದ ಡೀಸೆಲ್ ವಾಹನಕ್ಕೂ 15 ವರ್ಷ ದಾಟಿದ ಪೆಟ್ರೋಲ್ ವಾಹನಕ್ಕೂ ಇಂಧನ ಹಾಕುವಂತಿಲ್ಲ ಎಂಬ ಆದೇಶ ಅಂದು ಜಾರಿಗೆ ಬಂದಿತ್ತು. ಜನರಿಂದ ಭಾರಿ ವಿರೋಧ ಬಂತು. ಕೆಲವೇ ದಿನಗಳಲ್ಲಿ ಆದೇಶವನ್ನು ಮುಂದೂಡಲಾಯಿತು. ಆದರೆ ಚೆನ್ನಾಗಿ ಓಡುವ ಕಾರೂ ಟ್ಯಾಂಕ್‌ನಲ್ಲಿ ಏನಿದೆ ಎಂಬ ಒಂದೇ ಕಾರಣಕ್ಕೆ ಮನೆ ಮುಂದೆ ನಿಲ್ಲಬೇಕಾಗಬಹುದು ಎಂಬುದು ರಾಜಧಾನಿಯ ಕಾರು ಮಾಲೀಕರಿಗೆ ಆಗ ಮನವರಿಕೆಯಾಯಿತು.

ಕೆಲಸದ ಮೇಲೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಗುರುಗ್ರಾಮ, ನೋಯ್ಡಾ ಕಡೆಗೆ ಹೋದ ಕನ್ನಡಿಗರಲ್ಲಿ ಊರಿನ ಕಾರನ್ನೇ ಜೊತೆಗೆ ಒಯ್ದವರು ಇದ್ದಾರೆ. ಇತ್ತ ದೆಹಲಿಯಿಂದ ಕಡಿಮೆ ಬೆಲೆಗೆ ಬರುವ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಕರ್ನಾಟಕದಲ್ಲೂ ಇದ್ದಾರೆ. ಇವರಿಬ್ಬರಿಗೂ ದೆಹಲಿಯ ನಿಯಮ ಗೊತ್ತಿರಬೇಕು. ಅದರ ಜೊತೆಗೆ, ಎಲ್ಲ ಊರಿನ ಕಾರು ಮಾಲೀಕರೂ ತಿಳಿದಿರಬೇಕಾದ ಕೆಲವು ಸುರಕ್ಷತೆಯ ವಿಷಯಗಳೂ ಇವೆ.

ಮೊದಲು ಆರ್‌ಸಿ ತೆಗೆದು ನೋಡಿ

ದೆಹಲಿ ಎನ್‌ಸಿಆರ್ ಎಂದರೆ ದೆಹಲಿ ನಗರ ಮಾತ್ರವಲ್ಲ. ಹರಿಯಾಣದ 14, ಉತ್ತರ ಪ್ರದೇಶದ 8 ಮತ್ತು ರಾಜಸ್ಥಾನದ 2 ಜಿಲ್ಲೆಗಳು ಇದರಲ್ಲಿ ಸೇರಿವೆ. ಕರ್ನಾಲ್, ಮುಜಫ್ಫರ್‌ನಗರ, ಅಲ್ವಾರ್, ಭರತ್‌ಪುರ ಕೂಡ ಎನ್‌ಸಿಆರ್. ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ಎಂಬ ಮಿತಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದಿಂದ ಬಂದದ್ದು. 2018ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

2025ರಲ್ಲಿ ಇದಕ್ಕೆ ಎರಡು ತಿರುವು ಸಿಕ್ಕಿತು. ಕೇವಲ ವಯಸ್ಸಿನ ಆಧಾರದ ಮೇಲೆ ಮಾಲೀಕರ ವಿರುದ್ಧ ಬಲವಂತದ ಕ್ರಮ ಬೇಡ ಎಂದು ಆಗಸ್ಟ್ 12ರಂದು ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರ್ 17ರಂದು ಆ ಆದೇಶವನ್ನು ಮಾರ್ಪಡಿಸಿ, ಈ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕಿಂತ ಮೇಲಿನ ಗುಣಮಟ್ಟದ ವಾಹನಗಳಿಗೆ ಸೀಮಿತಗೊಳಿಸಿತು. ಅಂದರೆ ವಯಸ್ಸು ಮೀರಿದ ಬಿಎಸ್-3 ಕಾರಿಗೆ ರಕ್ಷಣೆ ಇಲ್ಲ.

ಕರ್ನಾಟಕದ ಕಾರುಗಳಿಗೆ ಇಲ್ಲೊಂದು ಸಿಕ್ಕು ಇದೆ. ದೆಹಲಿ ಎನ್‌ಸಿಆರ್ ಹಾಗೂ ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಬಿಎಸ್-4 ಜಾರಿಗೆ ಬಂದದ್ದು 2010ರ ಏಪ್ರಿಲ್‌ನಲ್ಲಿ. ದೇಶದ ಉಳಿದ ಭಾಗಕ್ಕೆ ಅದು ಪೂರ್ತಿಯಾಗಿ ತಲುಪಿದ್ದು 2017ರ ಏಪ್ರಿಲ್ 1ಕ್ಕೆ. ಹಾಗಾಗಿ 2013ರಲ್ಲಿ ಬೆಂಗಳೂರಿನಲ್ಲಿ ಕೊಂಡ ಕಾರು ಬಿಎಸ್-4 ಆಗಿದ್ದರೆ, ಅದೇ ವರ್ಷ ರಾಜ್ಯದ ಬೇರೊಂದು ಜಿಲ್ಲೆಯಲ್ಲಿ ಕೊಂಡ ಕಾರು ಬಿಎಸ್-3 ಆಗಿರುವ ಸಾಧ್ಯತೆ ಇದೆ. ಮಾಡೆಲ್ ಒಂದೇ, ಇಸವಿಯೂ ಒಂದೇ, ಆದರೆ ದೆಹಲಿಯಲ್ಲಿ ಎರಡಕ್ಕೂ ಬೇರೆ ಬೇರೆ ನ್ಯಾಯ. ಆರ್‌ಸಿಯಲ್ಲಿ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಕಾರಿನ ಎಮಿಷನ್ ಮಾನದಂಡ ಯಾವುದೆಂದು ನೋಡಿ ತಿಳಿಯಬಹುದು. ಅಂದಾಜಿನ ಮೇಲೆ ದೆಹಲಿಗೆ ಕಾರು ಒಯ್ಯುವುದು ಬೇಡ.

ಚಳಿಗಾಲದ ಲೆಕ್ಕವೇ ಬೇರೆ. ಗಾಳಿಯ ಗುಣಮಟ್ಟ ತೀವ್ರವಾಗಿ ಕುಸಿದಾಗ ಗ್ರಾಪ್ ಎಂಬ ಹಂತಹಂತದ ನಿರ್ಬಂಧಗಳು ಜಾರಿಯಾಗುತ್ತವೆ. ಅದರ ಮೂರನೇ ಹಂತದಲ್ಲಿ ದೆಹಲಿ, ಗುರುಗ್ರಾಮ, ಫರೀದಾಬಾದ್, ಘಾಜಿಯಾಬಾದ್ ಮತ್ತು ಗೌತಮ ಬುದ್ಧ ನಗರದಲ್ಲಿ ಬಿಎಸ್-3 ಪೆಟ್ರೋಲ್ ಕಾರು ಹಾಗೂ ಬಿಎಸ್-4 ಡೀಸೆಲ್ ಕಾರು ರಸ್ತೆಗೆ ಇಳಿಯುವಂತಿಲ್ಲ. ತಪ್ಪಿದರೆ 20,000 ರೂಪಾಯಿವರೆಗೆ ದಂಡ. 2019ರಲ್ಲಿ ಕೊಂಡ ಬಿಎಸ್-4 ಡೀಸೆಲ್ ಕಾರಿಗೆ 10 ವರ್ಷ ಆಗಿಲ್ಲ ನಿಜ, ಆದರೂ ಅಂಥ ದಿನಗಳಲ್ಲಿ ಮೆಟ್ರೋವೇ ಗತಿ.

ಮಾಲಿನ್ಯ ತಪಾಸಣೆಯ ಪಿಯುಸಿ ಪತ್ರವನ್ನು ಊರಿನಲ್ಲಿ ಮರೆತಂತೆ ಇಲ್ಲಿ ಮರೆಯುವಂತಿಲ್ಲ. ಪಿಯುಸಿ ಇಲ್ಲದಿದ್ದರೆ ದಂಡ 10,000 ರೂಪಾಯಿವರೆಗೂ ಹೋಗಬಹುದು. 2025ರ ಡಿಸೆಂಬರ್ 18ರಿಂದ ದೆಹಲಿಯಲ್ಲಿ ಪಿಯುಸಿ ಇಲ್ಲದ ವಾಹನಕ್ಕೆ ಇಂಧನ ಇಲ್ಲ ಎಂಬ ನಿಯಮವನ್ನೂ ತರಲಾಯಿತು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಕಾರು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 47. 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರ್ ಇದ್ದವರಿಗೆ ಈ ಓಡಾಟ ತಪ್ಪುತ್ತದೆ. ಆದರೆ ಮಾಲಿನ್ಯದ ನಿಯಮಗಳಿಂದ ಅವರಿಗೂ ವಿನಾಯಿತಿ ಇಲ್ಲ.

ಪೆಟ್ರೋಲ್, ಡೀಸೆಲ್, ಸಿಎನ್‌ಜಿ: ಯಾವುದು ಯಾರಿಗೆ?

ಕರ್ನಾಟಕದಲ್ಲಿ ದಿನಕ್ಕೆ 80-100 ಕಿ.ಮೀ. ಓಡಿಸುವವರು ಡೀಸೆಲ್ ಕಾರು ಆರಿಸಿಕೊಳ್ಳುವುದರಲ್ಲಿ ಅರ್ಥವಿದೆ. ದೆಹಲಿಯಲ್ಲಿ ಅದೇ ಕಾರನ್ನು ಕೊಳ್ಳುವಾಗ ಅದರ ಆಯುಷ್ಯ 10 ವರ್ಷ ಎಂದೇ ಲೆಕ್ಕ ಹಾಕಬೇಕು. ಕೊನೆಯ ವರ್ಷಗಳಲ್ಲಿ ಮರುಮಾರಾಟದ ಬೆಲೆ ಬಹುಬೇಗ ಇಳಿಯುತ್ತದೆ.

ಇನ್ನೊಂದು ತೊಂದರೆ ತಾಂತ್ರಿಕ. ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದಾಗ ಅದು ಬಿಸಿಯಾಗಿ, ಸಂಗ್ರಹವಾದ ಮಸಿ ತಾನೇ ಸುಟ್ಟುಹೋಗುತ್ತದೆ. ಮನೆಯಿಂದ ಮೆಟ್ರೋ ನಿಲ್ದಾಣಕ್ಕೆ, ಅಲ್ಲಿಂದ ಮನೆಗೆ ಎಂದು ನಾಲ್ಕೈದು ಕಿ.ಮೀ. ಓಡಿಸುವ ಕಾರಿನಲ್ಲಿ ಈ ಕೆಲಸ ನಡೆಯುವುದೇ ಇಲ್ಲ. ಮಸಿ ಕಟ್ಟಿಕೊಂಡು ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಆ ದೀಪವನ್ನು ವಾರಗಟ್ಟಲೆ ಕಡೆಗಣಿಸಿದರೆ ಫಿಲ್ಟರ್ ಬದಲಿಸಬೇಕಾದೀತು, ಅದು ಸಣ್ಣ ಮೊತ್ತವಲ್ಲ.

ದೆಹಲಿಗೂ ಸಿಎನ್‌ಜಿಗೂ ಹಳೆಯ ನಂಟು. 1998ರ ಜುಲೈ 28ರಂದು ಸುಪ್ರೀಂ ಕೋರ್ಟ್ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ನಗರದ ಬಸ್‌ಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕು ಎಂದು ಆದೇಶಿಸಿತು. ಅದೇ ವರ್ಷ ಇಂದ್ರಪ್ರಸ್ಥ ಗ್ಯಾಸ್ ಲಿಮಿಟೆಡ್ ಹುಟ್ಟಿತು. ಇಂದು ಎನ್‌ಸಿಆರ್‌ನಲ್ಲಿ ಸಿಎನ್‌ಜಿ ಬಂಕ್‌ಗೆ ಬರವಿಲ್ಲ. ದಿನವೂ ದೂರ ಓಡಿಸುವವರಿಗೆ ಇದು ಒಳ್ಳೆಯ ಆಯ್ಕೆ. ಕೊಡಬೇಕಾದ ಬೆಲೆ ಎಂದರೆ ಡಿಕ್ಕಿಯ ಜಾಗ, ಸ್ವಲ್ಪ ಕಡಿಮೆ ಎಳೆತ ಮತ್ತು ಬಂಕ್‌ನ ಸಾಲು. ವಾರಕ್ಕೆ ಎರಡು ದಿನ ಮಾತ್ರ ಕಾರು ತೆಗೆಯುವವರಿಗೆ ಪೆಟ್ರೋಲ್ ಸಾಕು. ಮನೆಯ ಪಾರ್ಕಿಂಗ್‌ನಲ್ಲಿ ಚಾರ್ಜಿಂಗ್ ಪಾಯಿಂಟ್ ಇದ್ದು, ಓಡಾಟ ನಗರದೊಳಗೇ ಇದ್ದರೆ ಎಲೆಕ್ಟ್ರಿಕ್ ಕಾರಿನ ಲೆಕ್ಕವನ್ನೂ ಹಾಕಿ ನೋಡಬಹುದು.

ಇ20 ಪೆಟ್ರೋಲ್ ಬಗ್ಗೆ ಗಾಬರಿ ಬೇಕೇ?

ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್‌ಗೆ ಪ್ರಧಾನಿ ನರೇಂದ್ರ ಮೋದಿ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲಿ, 2023ರ ಫೆಬ್ರವರಿ 6ರಂದು. ಈಗ ದೇಶದ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಪೆಟ್ರೋಲ್ ಇದೇ. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳ ಬಿಡಿಭಾಗಗಳು ಇ20ಗೆ ಒಗ್ಗುವಂಥವು. ಚಿಂತೆ ಇರುವುದು ಅದಕ್ಕಿಂತ ಹಳೆಯ ಕಾರುಗಳಿಗೆ.

ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಶಕ್ತಿ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ನಿಜ. ಇ10ಗೆಂದು ವಿನ್ಯಾಸಗೊಳಿಸಿ ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2, ಉಳಿದವುಗಳಲ್ಲಿ ಶೇ 3ರಿಂದ 6ರಷ್ಟು ಕಡಿಮೆಯಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಬಳಕೆಯ ನಂತರ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂಬ ಮಾತೂ ಅದರಲ್ಲಿತ್ತು. ಇ20 ಜೊತೆಗೆ ಎಥೆನಾಲ್ ಇಲ್ಲದ ಪೆಟ್ರೋಲನ್ನೂ ಕೊಡಬೇಕು ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಹಾಗಾದರೆ ಹಳೆಯ ಕಾರಿನ ಮಾಲೀಕರು ಮಾಡಬೇಕಾದ್ದೇನು? ಪ್ರತಿ ಸರ್ವಿಸ್‌ನಲ್ಲೂ ಫ್ಯುಯೆಲ್ ಪೈಪ್ ಬಿರುಕು ಬಿಟ್ಟಿದೆಯೇ, ಜಾಯಿಂಟ್‌ಗಳಲ್ಲಿ ಒದ್ದೆ ಇದೆಯೇ ಎಂದು ಮೆಕ್ಯಾನಿಕ್ ಬಳಿ ಕೇಳಿ ನೋಡಿಸಬೇಕು. ಇದು ಮೈಲೇಜ್‌ನ ಪ್ರಶ್ನೆ ಮಾತ್ರವಲ್ಲ. ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕುವ ಪೆಟ್ರೋಲ್ ಬೆಂಕಿಗೆ ಆಹ್ವಾನ. ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಬಂದರೆ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗದೆ, ಮೆಕ್ಯಾನಿಕ್‌ನನ್ನು ಕಾರಿದ್ದಲ್ಲಿಗೆ ಕರೆಸಿ. ಎಥೆನಾಲ್ ನೀರಿನಂಶವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಕಾರನ್ನು ನಿಲ್ಲಿಸಿ ಊರಿಗೆ ಹೋಗುವವರು ಹಳೆಯ ಪೆಟ್ರೋಲ್ ಟ್ಯಾಂಕ್‌ನಲ್ಲಿ ಕೊಳೆಯಲು ಬಿಡಬಾರದು.

ದುಬಾರಿ ಪೆಟ್ರೋಲ್ ಹಾಕಿದರೆ ಎಂಜಿನ್‌ಗೆ ಒಳ್ಳೆಯದು ಎಂಬ ನಂಬಿಕೆಯೂ ಇದೆ. ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ 100 ಆಕ್ಟೇನ್ ಪೆಟ್ರೋಲನ್ನು ಮಾರುಕಟ್ಟೆಗೆ ಬಿಟ್ಟಿತು. ಆಕ್ಟೇನ್ ಎಂದರೆ ಶಕ್ತಿಯಲ್ಲ. ಕಿಡಿ ತಾಗುವ ಮೊದಲೇ ತಾನಾಗಿ ಹೊತ್ತಿಕೊಳ್ಳದಂತೆ ಇಂಧನ ಎಷ್ಟು ಒತ್ತಡ ತಡೆಯುತ್ತದೆ ಎಂಬುದರ ಅಳತೆ ಅದು. ಅಧಿಕ ಒತ್ತಡದ ಎಂಜಿನ್ ಇರುವ ದುಬಾರಿ ಕಾರುಗಳಿಗೆ ಅದು ಬೇಕು. ಕಾರಿನ ಕೈಪಿಡಿ ಕೇಳದಿದ್ದರೆ ಸಾಮಾನ್ಯ ಹ್ಯಾಚ್‌ಬ್ಯಾಕ್‌ಗೆ ಅಷ್ಟು ಹಣ ಸುರಿಯುವುದರಿಂದ ದೊಡ್ಡ ಲಾಭವೇನೂ ಇಲ್ಲ.

ಡೀಸೆಲ್ ಕಾರಿಗೆ ಪೆಟ್ರೋಲ್ ಬಿದ್ದರೆ?

ಒಂದೇ ಮಾಡೆಲ್ ಪೆಟ್ರೋಲ್‌ನಲ್ಲೂ ಡೀಸೆಲ್‌ನಲ್ಲೂ ಬರುವುದರಿಂದ ಬಂಕ್‌ನಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ. ಸ್ನೇಹಿತರ ಕಾರು, ಬಾಡಿಗೆ ಕಾರು ಓಡಿಸುವಾಗ ಇನ್ನೂ ಸುಲಭ. ದೆಹಲಿಯಲ್ಲಿ ಭಾಷೆಯದ್ದೂ ಒಂದು ಪಾತ್ರವಿದೆ. ಹಿಂದಿಯಲ್ಲಿ ‘ತೇಲ್’ ಎಂದರೆ ಯಾವ ಇಂಧನವೂ ಆಗಬಹುದು. ‘ತೇಲ್ ಫುಲ್’ ಎಂದು ಹೇಳಿ ಮೊಬೈಲ್ ನೋಡುತ್ತ ಕೂತರೆ ಮುಂದಿನದು ಬಂಕ್ ಹುಡುಗನ ಊಹೆಗೆ ಬಿಟ್ಟದ್ದು. ಪೆಟ್ರೋಲ್ ಅಥವಾ ಡೀಸೆಲ್ ಎಂದು ಹೆಸರು ಹಿಡಿದೇ ಹೇಳಿ, ಕೆಳಗಿಳಿದು ಯಾವ ನಾಜಲ್ ಎತ್ತಿಕೊಂಡರು ಎಂದು ನೋಡಿ.

ವಿಂಡ್‌ಶೀಲ್ಡ್ ಮೇಲಿನ ಹಾಲೋಗ್ರಾಂ ಸ್ಟಿಕ್ಕರ್ ಕೂಡ ನೆರವಿಗೆ ಬರುತ್ತದೆ. ತಿಳಿ ನೀಲಿ ಬಣ್ಣವಿದ್ದರೆ ಪೆಟ್ರೋಲ್ ಅಥವಾ ಸಿಎನ್‌ಜಿ, ಕಿತ್ತಳೆ ಇದ್ದರೆ ಡೀಸೆಲ್. 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟ ಮೇಲೆ ದೆಹಲಿ ಎನ್‌ಸಿಆರ್‌ನಲ್ಲಿ ಈ ಬಣ್ಣದ ಪದ್ಧತಿ ಶುರುವಾಯಿತು.

ತಪ್ಪು ಇಂಧನ ಬಿದ್ದೇ ಬಿಟ್ಟರೆ ಮಾಡಬಾರದ ಕೆಲಸ ಒಂದೇ: ಕಾರನ್ನು ಸ್ಟಾರ್ಟ್ ಮಾಡುವುದು. ಕೀಯನ್ನು ಇಗ್ನಿಷನ್‌ಗೆ ತಿರುಗಿಸಿದರೂ ಟ್ಯಾಂಕ್‌ನೊಳಗಿನ ಪಂಪ್ ಕೆಲಸ ಶುರು ಮಾಡಿ ಇಂಧನವನ್ನು ಮುಂದಕ್ಕೆ ತಳ್ಳಬಹುದು. ಡೀಸೆಲ್ ತುಸು ಜಿಡ್ಡಿನ ದ್ರವ. ಅತಿ ಒತ್ತಡದ ಪಂಪ್‌ನೊಳಗಿನ ಲೋಹದ ಭಾಗಗಳಿಗೆ ಅದೇ ಎಣ್ಣೆಯ ಕೆಲಸ ಮಾಡುತ್ತದೆ. ಪೆಟ್ರೋಲ್ ಆ ಜಿಡ್ಡನ್ನು ತೊಳೆದುಹಾಕುತ್ತದೆ. ಲೋಹಕ್ಕೆ ಲೋಹ ಉಜ್ಜಿ ಸಣ್ಣ ಚೂರುಗಳೆದ್ದು ಇಂಜೆಕ್ಟರ್‌ವರೆಗೂ ಹೋಗುತ್ತವೆ. ಟ್ಯಾಂಕ್ ಖಾಲಿ ಮಾಡಿಸಿದರೆ ಮುಗಿಯುತ್ತಿದ್ದ ಕೆಲಸ, ಇಂಧನ ವ್ಯವಸ್ಥೆಯನ್ನೇ ಬದಲಿಸುವ ಮಟ್ಟಕ್ಕೆ ಹೋಗುತ್ತದೆ. ಪೆಟ್ರೋಲ್ ಕಾರಿಗೆ ಡೀಸೆಲ್ ಬಿದ್ದರೆ ಹಾನಿ ಸಾಮಾನ್ಯವಾಗಿ ಇಷ್ಟು ದೊಡ್ಡದಲ್ಲ. ಎಂಜಿನ್ ಹೊಗೆ ಕಾರಿ ನಿಂತುಹೋಗುತ್ತದೆ. ಆದರೂ ಪ್ಲಗ್, ಇಂಜೆಕ್ಟರ್ ಸ್ವಚ್ಛಗೊಳಿಸದೆ ಗತಿಯಿಲ್ಲ.

ಕಾರನ್ನು ನ್ಯೂಟ್ರಲ್‌ನಲ್ಲಿ ಪಕ್ಕಕ್ಕೆ ತಳ್ಳಿಸಿ, ಬಂಕ್‌ನ ಬಿಲ್ ಇಟ್ಟುಕೊಂಡು, ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಕರೆ ಮಾಡಿ. ‘ಸ್ವಲ್ಪವೇ ಬಿದ್ದಿದೆ, ಮೇಲೆ ಡೀಸೆಲ್ ತುಂಬಿಸಿದರೆ ಸರಿಹೋಗುತ್ತದೆ’ ಎಂಬ ಸಲಹೆಯನ್ನು ಕೇಳಬೇಡಿ. ಡೀಸೆಲ್ ಕಾರಿನ ಇನ್ನೊಂದು ಎಡವಟ್ಟು ಆ್ಯಡ್‌ಬ್ಲೂ. ಕೆಲವು ಬಿಎಸ್-6 ಡೀಸೆಲ್ ವಾಹನಗಳಲ್ಲಿ ಈ ಯೂರಿಯಾ ದ್ರಾವಣಕ್ಕೆ ನೀಲಿ ಮುಚ್ಚಳದ ಪ್ರತ್ಯೇಕ ಟ್ಯಾಂಕ್ ಇರುತ್ತದೆ. ಅದು ಡೀಸೆಲ್ ಟ್ಯಾಂಕ್‌ಗೆ ಬಿದ್ದರೂ ಇದೇ ನಿಯಮ: ಸ್ಟಾರ್ಟ್ ಮಾಡಬೇಡಿ.

ಸಿಎನ್‌ಜಿ ಸಿಲಿಂಡರ್: ಮೂರು ವರ್ಷದ ಪರೀಕ್ಷೆ ಮರೆಯಬೇಡಿ

ಕಾರಿನ ಟೈರ್‌ನೊಳಗಿನ ಗಾಳಿಯ ಒತ್ತಡ ಸುಮಾರು 2.2 ಬಾರ್. ಪೂರ್ತಿ ತುಂಬಿದ ಸಿಎನ್‌ಜಿ ಸಿಲಿಂಡರ್‌ನೊಳಗೆ ಸುಮಾರು 200 ಬಾರ್, ಅಂದರೆ ಟೈರ್‌ನ 90 ಪಟ್ಟು. ಹಿಂದಿನ ಸೀಟಿನಲ್ಲಿ ಮಕ್ಕಳು ಕೂತ ಜಾಗಕ್ಕೆ ಹೊಂದಿಕೊಂಡೇ ಅದು ಇರುತ್ತದೆ. ಗ್ಯಾಸ್ ಸಿಲಿಂಡರ್ ನಿಯಮದಂತೆ ಪ್ರತಿ 3 ವರ್ಷಕ್ಕೊಮ್ಮೆ ಮಾನ್ಯತೆ ಪಡೆದ ಕೇಂದ್ರದಲ್ಲಿ ಹೈಡ್ರೋ ಟೆಸ್ಟ್ ಮಾಡಿಸಬೇಕು. ಸಿಲಿಂಡರ್ ಬಿಚ್ಚಿ, ಒಳಗೆ ನೀರು ತುಂಬಿ, ಅಧಿಕ ಒತ್ತಡ ಕೊಟ್ಟು ಅದು ಹಿಗ್ಗುತ್ತದೆಯೇ ಎಂದು ನೋಡುವ ಪರೀಕ್ಷೆ ಇದು. ಪರೀಕ್ಷೆಯ ದಿನಾಂಕವಿರುವ ಪ್ಲೇಟ್ ಕಾರಿನಲ್ಲಿ ಇರಬೇಕು.

ಹಣ ಕೊಟ್ಟರೆ ಪರೀಕ್ಷೆಯೇ ಇಲ್ಲದೆ ಪ್ಲೇಟ್ ಮಾಡಿಕೊಡುತ್ತೇವೆ ಎನ್ನುವವರು ಸಿಕ್ಕರೆ ಅಲ್ಲಿಂದ ಹೊರಟುಬಿಡಿ. ಅಲ್ಲಿ ಉಳಿಸಿದ ಹಣಕ್ಕೂ ಸಿಲಿಂಡರ್ ಒಡೆದರೆ ಆಗುವ ಅನಾಹುತಕ್ಕೂ ಹೋಲಿಕೆಯೇ ಇಲ್ಲ. ಹೊರಗಿನಿಂದ ಕಿಟ್ ಹಾಕಿಸುವುದಾದರೆ ಮಾನ್ಯತೆ ಪಡೆದ ಕಿಟ್ ಆಗಿರಬೇಕು, ಆರ್‌ಸಿಯಲ್ಲಿ ಸಿಎನ್‌ಜಿ ಎಂದು ನಮೂದಾಗಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅಪಘಾತವಾದಾಗ ವಿಮೆ ಹಣಕ್ಕೆ ತಕರಾರು ಎದುರಾಗುತ್ತದೆ.

ಅನಿಲ ತುಂಬಿಸುವಾಗ ಎಲ್ಲರೂ ಕೆಳಗಿಳಿಯಬೇಕು ಎಂಬ ನಿಯಮಕ್ಕೆ ದೆಹಲಿಯ ಚಳಿಯಲ್ಲಿ ಗೊಣಗುವವರು ಬಹಳ. ಆದರೆ ಪೈಪ್ ಕಳಚಿದರೆ ಅಥವಾ ವಾಲ್ವ್ ಕೈಕೊಟ್ಟರೆ ಅಪಾಯದ ಗಳಿಗೆ ಅದೇ. ನಿದ್ದೆ ಮಾಡುತ್ತಿರುವ ಮಗುವನ್ನೂ ಎತ್ತಿಕೊಂಡೇ ಇಳಿಯಿರಿ. ಸಿಎನ್‌ಜಿಗೆ ಸ್ವಂತ ವಾಸನೆ ಇಲ್ಲ, ಸೋರಿದರೆ ತಿಳಿಯಲಿ ಎಂದೇ ಘಾಟು ಬೆರೆಸಿರುತ್ತಾರೆ. ಓಡಿಸುವಾಗ ಆ ಘಾಟು ಬಂದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ, ಬಾಗಿಲು ತೆರೆದು ಎಲ್ಲರನ್ನೂ ದೂರ ಕಳಿಸಿ. ಸುಲಭವಾಗಿ ಕೈಗೆ ಸಿಕ್ಕರೆ ಸಿಲಿಂಡರ್ ವಾಲ್ವ್ ಮುಚ್ಚಿ. ಸಿಎನ್‌ಜಿ ಗಾಳಿಗಿಂತ ಹಗುರ, ಬಯಲಿನಲ್ಲಿ ಬೇಗ ಮೇಲೇರಿ ಚದುರುತ್ತದೆ. ಮುಚ್ಚಿದ ಬೇಸ್‌ಮೆಂಟ್‌ನಲ್ಲಿ ಹಾಗಲ್ಲ. ಸೋರುವ ಕಾರನ್ನು ಅಲ್ಲಿಗೆ ಒಯ್ಯುವುದೇ ಬೇಡ. ಕಾರಿನೊಳಗೆ ಅಗರಬತ್ತಿ ಹಚ್ಚುವ ಅಭ್ಯಾಸ ಇದ್ದವರು ಸಿಎನ್‌ಜಿ ಕಾರಿನಲ್ಲಿ ಅದನ್ನು ಬಿಡಲೇಬೇಕು.

ಕಣ್ಣಿಗೆ ಕಾಣದ ವಿಷ

ಡಿಸೆಂಬರ್-ಜನವರಿಯಲ್ಲಿ ದೆಹಲಿಯ ರಾತ್ರಿ ತಾಪಮಾನ 5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮಾಲೀಕರ ಮದುವೆ ಊಟ ಮುಗಿಯುವವರೆಗೆ ಕಾಯುವ ಚಾಲಕರು ಕಿಟಕಿ ಏರಿಸಿ, ಹೀಟರ್ ಹಾಕಿಕೊಂಡು, ಎಂಜಿನ್ ಚಾಲೂ ಇಟ್ಟೇ ನಿದ್ದೆ ಹೋಗುವುದುಂಟು. ಬೇಸಿಗೆಯಲ್ಲಿ ಇದೇ ಕೆಲಸ ಎಸಿಗಾಗಿ ನಡೆಯುತ್ತದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಆಕ್ರಮಿಸುತ್ತದೆ. ತಲೆನೋವು, ತಲೆಸುತ್ತು, ಮಂಪರು, ಆಮೇಲೆ ಪ್ರಜ್ಞೆ ತಪ್ಪುತ್ತದೆ. ನಿದ್ದೆಯಲ್ಲಿದ್ದವರಿಗೆ ಮೊದಲ ಲಕ್ಷಣಗಳು ತಿಳಿಯುವುದೇ ಇಲ್ಲ.

ಸೈಲೆನ್ಸರ್ ಪೈಪ್ ತುಕ್ಕು ಹಿಡಿದು ತೂತಾಗಿದ್ದರೆ, ಗೋಡೆಗೆ ಒತ್ತಿ ನಿಲ್ಲಿಸಿದ್ದರೆ, ಮುಚ್ಚಿದ ಗ್ಯಾರೇಜ್ ಅಥವಾ ಬೇಸ್‌ಮೆಂಟ್ ಆಗಿದ್ದರೆ ಅಪಾಯ ಇನ್ನೂ ಹೆಚ್ಚು. ಒಂದು ಕಿಟಕಿ ಸ್ವಲ್ಪ ಇಳಿಸಿದರೆ ಸಾಕು ಎಂಬುದು ಪೂರ್ತಿ ರಕ್ಷಣೆಯಲ್ಲ. ನಿಂತ ಕಾರಿನಲ್ಲಿ ಮಲಗುವುದಾದರೆ ಎಂಜಿನ್ ಆಫ್ ಆಗಿರಬೇಕು, ಅಷ್ಟೇ. ಚಳಿಗೆ ಕಂಬಳಿ ಒಯ್ಯಿರಿ, ಚಾಲಕರಿಗೂ ಒಂದು ಕೊಡಿ. ಬೆಳಿಗ್ಗೆ ಎಂಜಿನ್ ಬಿಸಿ ಮಾಡುವ ಅಭ್ಯಾಸ ಇದ್ದವರು ಕಾರನ್ನು ಗ್ಯಾರೇಜಿನಿಂದ ಹೊರಗೆ ತಂದ ಮೇಲೆ ಮಾಡಲಿ. ಈಗಿನ ಕಾರುಗಳಿಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕಾಗುವುದೂ ಇಲ್ಲ.

ಬಾನೆಟ್ ತೆರೆಯುವ ಮುನ್ನ

ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ವೈಪರ್ ನೀರು, ಟೈರ್ ಗಾಳಿ: ಈ ಐದನ್ನು ಯಾರು ಬೇಕಾದರೂ ಮನೆಯಲ್ಲೇ ನೋಡಬಹುದು. ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆರಿ ತಣ್ಣಗಾದ ಮೇಲೆ ನೋಡಬೇಕು. ಆಯಿಲ್‌ನ ಗ್ರೇಡ್ ಯಾವುದೆಂದು ಕೈಪಿಡಿಯಲ್ಲಿ ಇರುತ್ತದೆ, ಅಂಗಡಿಯವನು ಹೇಳಿದ್ದಲ್ಲ.

ಮೇ-ಜೂನ್‌ನಲ್ಲಿ ದೆಹಲಿಯ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಟ್ರಾಫಿಕ್‌ನಲ್ಲಿ ಎಂಜಿನ್ ಕಾದು ಆವಿ ಎದ್ದರೆ ಗಾಬರಿಯಲ್ಲಿ ರೇಡಿಯೇಟರ್ ಮುಚ್ಚಳ ತಿರುಗಿಸುವವರಿದ್ದಾರೆ. ಒಳಗಿನ ನೀರು ಒತ್ತಡದಲ್ಲಿ 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣವೇ ಅದು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಎಸಿ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಪೂರ್ತಿ ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ. ಇದೇ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಸೆಂಟ್ ಬಾಟಲಿ, ಲೈಟರ್, ಸ್ಪ್ರೇ ಡಬ್ಬಿ ಇಡಬಾರದು. ಮಕ್ಕಳನ್ನು ಲಾಕ್ ಮಾಡಿದ ಕಾರಿನಲ್ಲಿ ‘ಎರಡೇ ನಿಮಿಷ’ ಎಂದು ಬಿಟ್ಟುಹೋಗಬಾರದು.

ಬ್ಯಾಟರಿ ಕಳಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಹತ್ತಿರ ಬೀಡಿ-ಸಿಗರೇಟು ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಧೂಳಿನ ಊರಾದ್ದರಿಂದ ಏರ್ ಫಿಲ್ಟರ್, ಎಸಿ ಫಿಲ್ಟರ್ ಎರಡನ್ನೂ ಕೈಪಿಡಿ ಹೇಳಿದ್ದಕ್ಕಿಂತ ಮೊದಲೇ ನೋಡಿಸುವುದು ಒಳ್ಳೆಯದು. ಹೊರಗಿನಿಂದ ಹೆಚ್ಚುವರಿ ಲೈಟ್, ಮ್ಯೂಸಿಕ್ ಸಿಸ್ಟಂ ಹಾಕಿಸುವಾಗ ಮೂಲ ವೈರ್ ಕತ್ತರಿಸಿ ಟೇಪ್ ಸುತ್ತುವ ಕೆಲಸಕ್ಕೆ ಅವಕಾಶ ಕೊಡಬೇಡಿ. ಕಾರಿಗೆ ಬೆಂಕಿ ಬೀಳಲು ಅಷ್ಟೇ ಸಾಕು.

ಟೈರ್, ಮಂಜು ಮತ್ತು ಎಕ್ಸ್‌ಪ್ರೆಸ್‌ವೇ

ಗ್ರೇಟರ್ ನೋಯ್ಡಾದಿಂದ ಆಗ್ರಾವರೆಗಿನ 165 ಕಿ.ಮೀ. ಯಮುನಾ ಎಕ್ಸ್‌ಪ್ರೆಸ್‌ವೇ ಕಾಂಕ್ರೀಟ್ ರಸ್ತೆ. ಬೇಸಿಗೆಯ ಮಧ್ಯಾಹ್ನ ಸವೆದ ಟೈರ್‌ಗೆ ಇದು ಕಠಿಣ ಪರೀಕ್ಷೆ. ಗಾಳಿಯ ಒತ್ತಡವನ್ನು ಟೈರ್ ತಣ್ಣಗಿದ್ದಾಗ ನೋಡಬೇಕು. ಎಷ್ಟಿರಬೇಕು ಎಂಬುದು ಚಾಲಕನ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಓಡಿ ಬಿಸಿಯಾದ ಟೈರ್‌ನಲ್ಲಿ ಒತ್ತಡ ಹೆಚ್ಚು ತೋರಿಸುವುದು ಸಹಜ. ಅದನ್ನು ನೋಡಿ ಗಾಳಿ ಬಿಟ್ಟರೆ ತಣಿದ ಮೇಲೆ ಕಡಿಮೆಯಾಗಿ, ಮುಂದಿನ ಓಟದಲ್ಲಿ ಟೈರ್ ಬದಿ ಮಡಚಿ ಕಾದು ಸಿಡಿಯುವ ಅಪಾಯ ಹೆಚ್ಚುತ್ತದೆ. ಕಾರಿನ ಟೈರ್‌ನ ಗೀರು ಕನಿಷ್ಠ 1.6 ಮಿ.ಮೀ. ಆಳ ಇರಬೇಕು ಎಂಬುದು ನಿಯಮ. ಗೀರಿನ ನಡುವಿನ ಸಣ್ಣ ಉಬ್ಬಿನ ಮಟ್ಟಕ್ಕೆ ಟೈರ್ ಸವೆದಿದ್ದರೆ ಬದಲಿಸುವ ಹೊತ್ತು ಬಂದಿದೆ ಎಂದರ್ಥ.

ಚಳಿಗಾಲದ ಮಂಜಿಗಾಗಿ ಪ್ರತಿ ವರ್ಷ ಡಿಸೆಂಬರ್ ಮಧ್ಯದಿಂದ ಈ ರಸ್ತೆಯಲ್ಲಿ ಕಾರುಗಳ ವೇಗಮಿತಿಯನ್ನು ಗಂಟೆಗೆ 100 ಕಿ.ಮೀ.ನಿಂದ ತಗ್ಗಿಸಲಾಗುತ್ತದೆ. ಮಂಜಿನಲ್ಲಿ ಲೋ ಬೀಮ್ ಮತ್ತು ಫಾಗ್ ಲ್ಯಾಂಪ್ ಬಳಸಿ, ಹೈ ಬೀಮ್ ಮಂಜಿಗೆ ಬಡಿದು ಕಣ್ಣಿಗೇ ರಾಚುತ್ತದೆ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವ ಅಭ್ಯಾಸ ಉತ್ತರ ಭಾರತದಲ್ಲಿ ವ್ಯಾಪಕ. ಹಿಂದಿನವರಿಗೆ ನೀವು ನಿಂತಿದ್ದೀರೋ, ತಿರುಗುತ್ತೀರೋ ತಿಳಿಯುವುದಿಲ್ಲ. ಅದು ನಿಂತ ವಾಹನಕ್ಕೆ ಮಾತ್ರ.

ಪಂಕ್ಚರ್ ಆದರೆ ರಿಮ್ ಹಾಳಾದರೂ ಸರಿ, ನಿಧಾನವಾಗಿ ರಸ್ತೆಯ ಎಡ ಅಂಚಿಗೆ ತನ್ನಿ. ವೇಗದ ವಾಹನಗಳ ಪಕ್ಕದಲ್ಲಿ ಕೂತು ಸ್ಟೆಪ್ನಿ ಬದಲಿಸುವ ಸಾಹಸ ಬೇಡ. ತ್ರಿಕೋನ ಫಲಕ ಹಿಂದೆ ಇಟ್ಟು, ಎಲ್ಲರೂ ತಡೆಗೋಡೆಯ ಆಚೆ ನಿಂತು ನೆರವಿಗೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033, ಎಲ್ಲ ಕಡೆ 112. ಸುರಕ್ಷಿತ ಜಾಗದಲ್ಲಿ ನೀವೇ ಬದಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆದು, ಗೇರ್‌ನಲ್ಲಿಟ್ಟು, ಎದುರು ಬದಿಯ ಚಕ್ರಕ್ಕೆ ಕಲ್ಲು ಕೊಡಿ. ನಟ್‌ಗಳನ್ನು ಕಾರು ಎತ್ತುವ ಮೊದಲೇ ಸ್ವಲ್ಪ ಸಡಿಲಿಸಿ. ಕಾರಿನ ಜೊತೆ ಬರುವ ಜಾಕ್ ಇರುವುದು ಚಕ್ರ ಬದಲಿಸುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಅಡಿಗೆ ಕೈ, ತಲೆ ಹಾಕುವಂತಿಲ್ಲ.

ಅಂಡರ್‌ಪಾಸ್‌ನಲ್ಲಿ ನೀರು ನಿಂತಿದ್ದರೆ

2020ರ ಜುಲೈನಲ್ಲಿ ದೆಹಲಿಯ ಮಿಂಟೋ ಸೇತುವೆ ಕೆಳಗೆ ಸರಕು ವಾಹನದ ಚಾಲಕರೊಬ್ಬರು ಮುಳುಗಿ ಮೃತಪಟ್ಟರು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಯುವತಿಯೊಬ್ಬರು ಜೀವ ಕಳೆದುಕೊಂಡರು. 2024ರ ಸೆಪ್ಟೆಂಬರ್‌ನಲ್ಲಿ ಫರೀದಾಬಾದ್‌ನ ರೈಲ್ವೆ ಅಂಡರ್‌ಪಾಸ್‌ನಲ್ಲಿ ದೊಡ್ಡ ಎಸ್‌ಯುವಿಯಲ್ಲಿದ್ದ ಇಬ್ಬರು ಮುಳುಗಿದರು. ಎತ್ತರದ ಕಾರು ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ನೀರಿನ ಆಳ ತಿಳಿಯದಿದ್ದರೆ ಹಿಂದಿರುಗಿ. ಒಳಗೆ ಸಿಕ್ಕಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಸಿಲಿಂಡರ್‌ಗೆ ನುಗ್ಗಿದ ನೀರು ಎಂಜಿನ್‌ನ ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ಅದಕ್ಕಿಂತ ಮುಖ್ಯ, ವಿದ್ಯುತ್ ಕೆಲಸ ಮಾಡುತ್ತಿರುವಾಗಲೇ ಕಿಟಕಿ ಇಳಿಸಿ ಹೊರಬನ್ನಿ. ಕಿಟಕಿ ಇಳಿಯದಿದ್ದರೆ ಬದಿಯ ಗಾಜಿನ ಮೂಲೆಗೆ ಹೊಡೆಯಬೇಕು, ಮುಂದಿನ ಗಾಜು ಸುಲಭವಾಗಿ ಒಡೆಯುವುದಿಲ್ಲ. ಗಾಜು ಒಡೆಯುವ ಪುಟ್ಟ ಸುತ್ತಿಗೆಯನ್ನು ಡಿಕ್ಕಿಯಲ್ಲಿಟ್ಟರೆ ಪ್ರಯೋಜನವಿಲ್ಲ, ಕೈಗೆಟುಕುವಲ್ಲಿ ಇರಲಿ.

ದೆಹಲಿ ಕಾರು ಕರ್ನಾಟಕಕ್ಕೆ ತರುವವರು ಗಮನಿಸಿ

9-10 ವರ್ಷದ ಡೀಸೆಲ್ ಕಾರುಗಳು ದೆಹಲಿಯಲ್ಲಿ ಅಗ್ಗವಾಗಿ ಸಿಗುವುದಕ್ಕೆ ಕಾರಣ ಮೇಲಿನ ನಿಯಮವೇ ಹೊರತು ಕಾರಿನ ದೋಷ ಇರಲೇಬೇಕೆಂದಿಲ್ಲ. ಆದರೆ ಅಗ್ಗದ ಬೆಲೆಗೆ ಕರ್ನಾಟಕದ ರಸ್ತೆ ತೆರಿಗೆ, ಮರುನೋಂದಣಿ, ಸಾಗಣೆ ವೆಚ್ಚ ಕೂಡಿಸಿದ ಮೇಲೆ ಉಳಿತಾಯ ಎಷ್ಟು ಎಂದು ಮೊದಲೇ ಲೆಕ್ಕ ಹಾಕಿ. ದೆಹಲಿ ಸಾರಿಗೆ ಇಲಾಖೆಯ ಎನ್‌ಒಸಿ ಕೈಗೆ ಬರುವ ಮುನ್ನ ಪೂರ್ತಿ ಹಣ ಕೊಡಬೇಡಿ. ಬಾಕಿ ಚಲನ್, ಸಾಲದ ನಮೂದು ಆರ್‌ಸಿಯಲ್ಲಿ ಉಳಿದಿದ್ದರೆ ಅದು ನಿಮ್ಮ ತಲೆಗೇ ಬರುತ್ತದೆ.

ಇನ್ನೊಂದು ಪರೀಕ್ಷೆಯನ್ನು ಖಂಡಿತ ಮಾಡಿ. 2023ರ ಜುಲೈ 13ರಂದು ಯಮುನಾ ನದಿ 208.66 ಮೀಟರ್ ಮಟ್ಟ ಮುಟ್ಟಿ ದಾಖಲೆ ಬರೆದಾಗ ದೆಹಲಿಯ ತಗ್ಗು ಪ್ರದೇಶಗಳು ಜಲಾವೃತವಾಗಿದ್ದವು. ನೀರಿನಲ್ಲಿ ನಿಂತಿದ್ದ ಕಾರನ್ನು ತೊಳೆದು ಪಾಲಿಶ್ ಮಾಡಿದರೆ ಹೊರಗಿನಿಂದ ಏನೂ ತಿಳಿಯದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಪೂರ್ತಿ ಎಳೆದು ನೋಡಿ, ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಅದರ ಗುಂಡಿಯ ಮೂಲೆಗಳನ್ನು, ಸೀಟಿನ ಕೆಳಗಿನ ಬೋಲ್ಟ್‌ಗಳ ತುಕ್ಕನ್ನು ನೋಡಿ. ಏರ್ ಬ್ಯಾಗ್ ದೀಪ ಕೀ ತಿರುಗಿಸಿದಾಗ ಹೊತ್ತಿ, ಕೆಲವು ಸೆಕೆಂಡುಗಳಲ್ಲಿ ಆರಬೇಕು. ಹೊತ್ತಿಕೊಳ್ಳುವುದೇ ಇಲ್ಲ ಎಂದಾದರೆ ಬಲ್ಬ್ ತೆಗೆದಿರುವ ಸಾಧ್ಯತೆ ಇದೆ. ಅಂಥ ಕಾರು ಎಷ್ಟೇ ಅಗ್ಗವಾದರೂ ಬೇಡ.